ಊರಿನ ಕಲಾಸಂಘದಲ್ಲಿ ನಮ್ಮ ಪಾಲು

(ನೆಟ್ಟಣದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲದರ ಲೆಕ್ಕ ಮುಗಿಸಿ ಕೂತಿದ್ದೀರಿ. ಮನೆಯಲ್ಲಿ ಸುಲಿಯಬೇಕಾದ ಅಡಿಕೆ ಇದೆ, ಕಟ್ಟಬೇಕಾದ ಬೀಡಿ ಇದೆ. ಇಂಥ ಹೊತ್ತಿನಲ್ಲಿ ನಾಟಕ, ಆಟ, ಕಲಾಸಂಘ ಅಂತ ಮಾತಾಡಲು ಬಂದರೆ, ‘ಇದು ಹೊಟ್ಟೆ ತುಂಬಿದವರ ಮಾತು’ ಎಂದು ನಿಮಗೆ ಅನ್ನಿಸಬಹುದು. ಆದರೂ ಒಂದು ಗಂಟೆ ತಾಳ್ಮೆಯಿಂದ ಕೇಳಿ ಎಂದು ಕೇಳಿಕೊಳ್ಳುತ್ತೇನೆ.

ಊರಿನ ಕಲಾಸಂಘ ಅಂದರೆ ಏನು? ಊರು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಜಾಗ. ಅಲ್ಲಿ ಒಳ್ಳೆಯ ಸೊಸೆ ಯಾರು, ಕೆಟ್ಟ ಹೆಂಡತಿ ಯಾರು, ಯಾರನ್ನು ನೋಡಿ ನಗಬೇಕು, ಯಾರಿಗಾಗಿ ಅಳಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ಆ ತೀರ್ಮಾನ ಮಾಡುವಾಗ ನಾವು ಎಲ್ಲಿರುತ್ತೇವೆ? ಇವತ್ತಿನ ನನ್ನ ಪ್ರಶ್ನೆ ಇದೇ.

ಮೊದಲು ಒಂದು ಸಂಘದ ಚರಿತ್ರೆ ಹೇಳುತ್ತೇನೆ. ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹೆಗ್ಗೋಡು ಎಂಬ ಊರಿದೆ. ನಮ್ಮ ಹಾಗೆಯೇ ಅಡಿಕೆ ತೋಟ, ಮಳೆ, ಜಿಗಣೆ ಇರುವ ಸಣ್ಣ ಊರು. ಅಲ್ಲಿಯ ಯುವಕರು ಸೇರಿ 1949ರಲ್ಲಿ ಒಂದು ನಾಟಕದ ಸಂಘ ಕಟ್ಟಿದರು. ಊರ ದೇವರ ಹೆಸರಿನಲ್ಲಿ ‘ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ’ ಎಂದು ಕರೆದರು. ಇದನ್ನೇ ನಾವು ಈಗ ನೀನಾಸಂ ಎನ್ನುತ್ತೇವೆ. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಕೆ. ವಿ. ಸುಬ್ಬಣ್ಣ. ಅವರು ಅಡಿಕೆ ಬೆಳೆಗಾರರು, ಬರಹಗಾರರು, ಪ್ರಕಾಶಕರು.

ವರ್ಷಕ್ಕೊಂದು ನಾಟಕ ಆಡಿ ಪರದೆ ಮಡಚಿಡುವ ಸಂಘಗಳು ಎಲ್ಲ ಊರಲ್ಲೂ ಇವೆ. ಹೆಗ್ಗೋಡಿನವರು ಅಷ್ಟಕ್ಕೇ ನಿಲ್ಲಲಿಲ್ಲ. 1972ರಲ್ಲಿ ತಮ್ಮದೇ ರಂಗಮಂದಿರ ಕಟ್ಟಿಸಿದರು. 1973ರಲ್ಲಿ ಚಿತ್ರಸಮಾಜ ಆರಂಭಿಸಿದರು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಹಳ್ಳಿಯವರ ಮುಂದೆ ತೋರಿಸಿದರು. ಬಂಗಾಳಿ ಇವರಿಗೆ ಹೇಗೆ ಅರ್ಥವಾಗುತ್ತದೆ ಎಂದು ಪೇಟೆಯವರು ಕೇಳಬಹುದು. ಗಂಡ ದೂರದ ಊರಿನಲ್ಲಿರುವಾಗ ಖಾಲಿ ಡಬ್ಬಿಗಳ ನಡುವೆ ಸಂಸಾರ ತೂಗಿಸುವ ತಾಯಿಯ ಕತೆ ಅದು. ಅದು ಅರ್ಥವಾಗಲು ನಮಗೆ ಬಂಗಾಳಿ ಬೇಕೆ?

1980ರಲ್ಲಿ ನಾಟಕದ ಶಾಲೆ ಶುರುವಾಯಿತು. 1985ರಲ್ಲಿ ‘ತಿರುಗಾಟ’ ಹೊರಟಿತು. ಒಂದು ತಂಡ ನಾಟಕಗಳನ್ನು ಕಲಿತು, ಮಳೆಗಾಲ ಕಳೆದ ಮೇಲೆ ತಿಂಗಳುಗಟ್ಟಲೆ ರಾಜ್ಯದ ಊರೂರು ಸುತ್ತಿ ಆಡುತ್ತದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಸಂಘ ಮಾತ್ರ ನಿಲ್ಲಲಿಲ್ಲ. ಒಬ್ಬರ ಮೇಲೆ ನಿಂತ ಸಂಘ ಅವರೊಂದಿಗೆ ಹೋಗುತ್ತದೆ, ಹಲವರು ಹೊತ್ತ ಸಂಘ ಉಳಿಯುತ್ತದೆ. ಅಧ್ಯಕ್ಷೆಯನ್ನು ಬದಲಿಸುತ್ತಾ ಸಂಘ ನಡೆಸುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈ ಕತೆಗೂ ನಮ್ಮ ಸೀಮೆಗೂ ನಂಟಿದೆ. ಹೆಗ್ಗೋಡಿನ ರಂಗಮಂದಿರಕ್ಕೆ ಇಟ್ಟ ಹೆಸರು ಶಿವರಾಮ ಕಾರಂತರದು. ಕಾರಂತರು ದಶಕಗಳ ಕಾಲ ಬಾಳಿದ್ದು ಇಲ್ಲೇ ಪುತ್ತೂರಿನ ಬಾಲವನದಲ್ಲಿ. ಮಕ್ಕಳ ನಾಟಕ, ಯಕ್ಷಗಾನದ ಪ್ರಯೋಗ ಎಲ್ಲವನ್ನೂ ಇದೇ ಮಣ್ಣಿನಲ್ಲಿ ಮಾಡಿದರು. 1936ರಲ್ಲಿ ಜಾತಿಯ ಗೋಡೆ ದಾಟಿ ಲೀಲಾ ಅವರನ್ನು ಮದುವೆಯಾದರು. ಈ ಜಿಲ್ಲೆಯ ಸಹಕಾರಿ ಚಳವಳಿಗೆ ತಳಪಾಯ ಹಾಕಿದ ಮೊಳಹಳ್ಳಿ ಶಿವರಾಯರೂ ಪುತ್ತೂರಿನಲ್ಲೇ ದುಡಿದವರು. ಕೈಸಾಲದ ಸಂಘವೂ ರಂಗದ ಕೆಲಸವೂ ಒಂದೇ ಊರಿನಲ್ಲಿ ಬೆಳೆದವು. ಆದ್ದರಿಂದ ದುಡ್ಡಿನ ಸಂಘ ಬೇರೆ, ಕಲೆಯ ಸಂಘ ಬೇರೆ ಎಂದು ನಾವು ತಿಳಿಯಬೇಕಾಗಿಲ್ಲ.

ಇನ್ನು ಹೆಂಗಸರ ಮಾತಿಗೆ ಬರೋಣ. ನಮ್ಮ ಕಡೆಯ ಆಟದಲ್ಲಿ ದಮಯಂತಿಯೂ ಗಂಡಸು, ದ್ರೌಪದಿಯೂ ಗಂಡಸು. ಊರ ನಾಟಕಗಳಲ್ಲೂ ಬಹುಕಾಲ ಹಾಗೆಯೇ ನಡೆಯಿತು. ಸ್ತ್ರೀವೇಷ ಮಾಡಿದ ದೊಡ್ಡ ಕಲಾವಿದರ ಬಗ್ಗೆ ನನಗೆ ಗೌರವವಿದೆ. ಆದರೆ ದ್ರೌಪದಿಯ ಸೆರಗಿಗೆ ಕೈ ಹಾಕಿದಾಗ ಅವಳು ಏನು ಹೇಳಬೇಕು ಎಂಬುದನ್ನು ಬರೆದವನೂ ಗಂಡಸು, ಹಾಡಿದವನೂ ಗಂಡಸು, ಆಡಿದವನೂ ಗಂಡಸು. ನಾವು ಚಾಪೆ ಹಾಸಿ ಕೂತು ಕಣ್ಣೊರೆಸಿಕೊಂಡೆವು.

ನನ್ನ ಬಾಲ್ಯದ ಊರಿನ ಸಂಘದಲ್ಲಿ ವಾರ್ಷಿಕೋತ್ಸವದ ದಿನ ಬಂದವರಿಗೆಲ್ಲ ಊಟ. ಬೆಳಗ್ಗಿನಿಂದ ತೆಂಗಿನಕಾಯಿ ತುರಿದು, ಅಕ್ಕಿ ಆರಿಸಿ, ಪಾತ್ರೆ ತೊಳೆದವರು ಹೆಂಗಸರು. ರಾತ್ರಿ ವೇದಿಕೆಯಲ್ಲಿ ಶಾಲು ಹೊದಿಸಿಕೊಂಡವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ವಂದನಾರ್ಪಣೆಯಲ್ಲಿ ‘ಅಡುಗೆಗೆ ಸಹಕರಿಸಿದ ಮಾತೆಯರಿಗೆ’ ಎಂದು ಒಂದು ವಾಕ್ಯ, ಅಷ್ಟೇ. ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ. ನಿಮ್ಮ ಊರಿನಲ್ಲೂ ಹೀಗೆಯೇ ಇರಬೇಕು.

ಆದರೆ ಗೋಡೆ ಒಡೆದ ಹೆಂಗಸರೂ ಇದ್ದಾರೆ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರೇ ಇರುವ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಕಂಸ, ಭೀಮರಂಥ ಪಾತ್ರಗಳನ್ನು ತಾವೇ ಆಡಿದರು. ಗಂಡಸು ಹೆಣ್ಣಾಗಬಹುದಾದರೆ ಹೆಣ್ಣು ಭೀಮನಾಗಬಾರದೇ? 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದರು. ಗಂಡಸರೇ ತುಂಬಿದ ಮೇಳದಲ್ಲಿ, ರಾತ್ರಿಯಿಡೀ, ಊರಿಂದೂರಿಗೆ ಹೋಗಿ ಹಾಡುವುದು ಸಣ್ಣ ಮಾತಲ್ಲ. ಅವರು 2024ರಲ್ಲಿ ತೀರಿಕೊಂಡರು. ಇವತ್ತು ಭಾಗವತಿಕೆ ಕಲಿಯುವ ಹುಡುಗಿಯರಿಗೆ ಆ ದಾರಿ ತೆರೆದಿದೆ.

ಹೆಗ್ಗೋಡಿನಲ್ಲೂ ಬದಲಾವಣೆ ಬಂತು. ನಾಟಕದ ಶಾಲೆಗೆ ಹುಡುಗಿಯರು ಸೇರಿದರು, ತಿರುಗಾಟದ ತಂಡದಲ್ಲಿ ಊರೂರು ಸುತ್ತಿದರು. ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತನದಲ್ಲಿ 1990ರ ದಶಕದಲ್ಲಿ ‘ಚರಕ’ ಎಂಬ ಹೆಂಗಸರ ಸಹಕಾರ ಸಂಘ ಹುಟ್ಟಿತು. ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಿಂದ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸುವಾಗ ಸಿಗುವ ಅದೇ ಚೊಗರು! ನಾಟಕ ಬೆಳೆದ ನೆಲದ ಪಕ್ಕದಲ್ಲೇ ಹೆಂಗಸರ ಕೈಗೆ ಸಂಬಳವೂ ಬಂತು.

ಇದಕ್ಕೂ ನಮ್ಮ ಮನೆಯೊಳಗಿನ ಹಿಂಸೆಗೂ ಏನು ಸಂಬಂಧ? 1980ರ ಸುಮಾರಿಗೆ ದೆಹಲಿಯಲ್ಲಿ ಸೊಸೆಯಂದಿರು ಸೀಮೆಎಣ್ಣೆಯ ಬೆಂಕಿಯಲ್ಲಿ ಸಾಯುತ್ತಿದ್ದಾಗ, ‘ಸ್ಟವ್ ಸಿಡಿಯಿತು’ ಎಂದು ಬರೆದು ಕಡತ ಮುಚ್ಚಲಾಗುತ್ತಿತ್ತು. ಆಗ ಅಲ್ಲಿಯ ಹೆಂಗಸರು ‘ಓಂ ಸ್ವಾಹಾ’ ಎಂಬ ಬೀದಿನಾಟಕವನ್ನು ಕಾಲೇಜುಗಳ ಮುಂದೆ, ಕೇರಿಗಳಲ್ಲಿ ಆಡಿದರು. ವರದಕ್ಷಿಣೆ ಮನೆಯ ಗುಟ್ಟಲ್ಲ, ಕೊಲೆ ಎಂದು ಬೀದಿಯಲ್ಲಿ ನಿಂತು ಹೇಳಿದರು. 1983ರಲ್ಲಿ ಗಂಡನ ಮನೆಯ ಕ್ರೌರ್ಯ, 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧಗಳೆಂದು ಕಾನೂನಿಗೆ ಸೇರಿದವು. ನಾಟಕವೊಂದೇ ಇದನ್ನು ಮಾಡಲಿಲ್ಲ. ಆದರೆ ಬಾಯಿ ಬಿಡಲು ನಾಚಿದ್ದ ಮಾತನ್ನು ಹತ್ತು ಜನರ ಮುಂದೆ ಆಡುವ ಧೈರ್ಯವನ್ನು ನಾಟಕ ಕೊಟ್ಟಿತು.

ನಾನೇ ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಸ್ವಸಹಾಯ ಸಂಘದಲ್ಲಿ ಕಿರುನಾಟಕದ ಅಭ್ಯಾಸ ನಡೆದಿತ್ತು. ಯಾವ ಸಭೆಯಲ್ಲೂ ಬಾಯಿ ತೆರೆಯದ ಒಬ್ಬ ಅಕ್ಕನಿಗೆ ಅತ್ತೆಯ ಪಾತ್ರ ಸಿಕ್ಕಿತು. ಬರೆದ ಮಾತು ಮರೆತುಹೋಯಿತು, ತಾನೇ ಮಾತು ಜೋಡಿಸಿದಳು. ‘ನಿನ್ನ ಅಪ್ಪ ಕೊಟ್ಟ ಬಳೆ ತೂಗಿ ನೋಡಿದ್ದೇನೆ. ಅದರ ತೂಕದಷ್ಟೇ ಅನ್ನ ನಿನಗೆ.’ ಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅದು ಅವಳು ಹನ್ನೊಂದು ವರ್ಷ ಕೇಳಿದ ಮಾತು. ಅವಳ ಮೊಣಕೈಯ ಗಾಯ ದನ ಹಾಯ್ದದ್ದಲ್ಲ ಎಂದು ನಮಗೆ ಗೊತ್ತಾದದ್ದು ಆ ದಿನ. ನಾಟಕ ನಡೆಯಲಿಲ್ಲ. ಮರುವಾರ ಸಂಘದ ನಾಲ್ವರು ಅವಳ ಜೊತೆ ಸಂರಕ್ಷಣಾಧಿಕಾರಿಯ ಕಚೇರಿಗೆ ಹೋದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಅರ್ಜಿ ಕೊಟ್ಟರು. ನಿಮ್ಮಲ್ಲಿ ಯಾರಿಗಾದರೂ ಅಗತ್ಯ ಬಿದ್ದರೆ ಮಹಿಳಾ ಸಹಾಯವಾಣಿಯ ಸಂಖ್ಯೆ 181. ನೆನಪಿಡಿ.

ಹಾಗಾದರೆ ಏನು ಮಾಡೋಣ? ಇರುವ ಸಂಘವನ್ನು ಬೈಯುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಊರಿನ ಕಲಾಸಂಘಕ್ಕೆ ಚಂದಾ ಕೊಡುವ ಮನೆಗಳಲ್ಲಿ ನಮ್ಮ ಮನೆಯೂ ಇದೆ. ಸದಸ್ಯತ್ವ ಕೇಳೋಣ. ಸಮಿತಿಯಲ್ಲಿ ಕನಿಷ್ಠ ಮೂವರು ಹೆಂಗಸರು ಇರಲಿ. ಒಬ್ಬಳೇ ಇದ್ದರೆ ಅವಳ ಮಾತು ಮುಳುಗುತ್ತದೆ. ಕಾರ್ಯಕ್ರಮ ಹೊತ್ತಿಗೆ ಮುಗಿಯಲಿ. ಈಗ ಕಾಲಮಿತಿಯ ಆಟಗಳೂ ನಡೆಯುತ್ತಿವೆ, ಇದು ಕಷ್ಟವೇನಲ್ಲ. ಮನೆಗೆ ಹೋಗುವ ದಾರಿಗೆ ಬೆಳಕು, ಜೀಪಿನ ವ್ಯವಸ್ಥೆ, ಹೆಂಗಸರಿಗೆ ಶೌಚಾಲಯ ಇರಲಿ. ಅಡುಗೆಯ ಪಾಳಿ ಗಂಡಸರಿಗೂ ಬರಲಿ. ವರ್ಷಕ್ಕೆ ಒಂದಾದರೂ ಪ್ರಸಂಗ ಅಥವಾ ನಾಟಕವನ್ನು ನಾವೇ ಆರಿಸಿ, ನಾವೇ ಆಡೋಣ. ಇವು ದೊಡ್ಡ ಬೇಡಿಕೆಗಳಲ್ಲ. ಆದರೆ ಇವು ಇಲ್ಲದಿದ್ದರೆ ‘ಹೆಂಗಸರು ಬರುವುದೇ ಇಲ್ಲ ಮಾರಾಯ್ರೇ’ ಎಂಬ ಮಾತನ್ನು ನಾವು ಇನ್ನೂ ಐವತ್ತು ವರ್ಷ ಕೇಳಬೇಕಾಗುತ್ತದೆ.

ಮುಂದಿನ ವಾರದ ಸಭೆಯಲ್ಲಿ ಸಾಲದ ವಿಷಯ ಬರೆದಾದ ಮೇಲೆ ನಿರ್ಣಯ ಪುಸ್ತಕದಲ್ಲಿ ಇನ್ನೆರಡು ಸಾಲು ಸೇರಿಸಿ. ಕಲಾಸಂಘದ ಮಹಾಸಭೆಗೆ ನಮ್ಮ ಸಂಘದಿಂದ ಯಾರು ಯಾರು ಹೋಗುವುದು ಎಂದು ಹೆಸರು ಬರೆದು, ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಆ ಪುಟವನ್ನು ಹಿಡಿದುಕೊಂಡೇ ಹೋಗಿ.