ದೀಪದ ಲೆಕ್ಕದಲ್ಲಿ ಒಲೆಯೂ ಸೇರಲಿ

(ಹರಿಹರ ತಾಲ್ಲೂಕಿನ ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಂದೆ ಭಾಗ್ಯಜ್ಯೋತಿ ಯೋಜನೆಯಿಂದ ಬಡವರ ಗುಡಿಸಲಿಗೂ ಒಂದು ದೀಪ ಬಂದಿತು. ಇಂದು ಹರಿಹರ, ದಾವಣಗೆರೆಯ ಸುತ್ತಿನ ಹಳ್ಳಿಗಳಲ್ಲಿ ದೀಪವಿದೆ, ಪಂಪುಸೆಟ್ಟಿದೆ. ಆದರೂ ಎಷ್ಟೋ ಮನೆಗಳಲ್ಲಿ ಆ ದೀಪದ ಕೆಳಗೇ ತಾಯಂದಿರು ಸೌದೆ, ಹತ್ತಿಕಡ್ಡಿ, ಮೆಕ್ಕೆಜೋಳದ ಬೆಂಡು ಉರಿಸುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಇದಕ್ಕೆ ಕಾರಣವೇನು? ನಾವು ದೀಪ ಎಣಿಸಿದೆವು, ಮೋಟಾರು ಎಣಿಸಿದೆವು, ಒಲೆಯನ್ನು ಎಣಿಸಲಿಲ್ಲ.

ಹೊಗೆಯೆಂದರೆ ಬರಿಯ ಕಣ್ಣುರಿಯಲ್ಲ. ಮನೆಯ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಕೂಸುಗಳು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಕಥೆ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು, ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ಅಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರು. ಮನೆಮನೆಯ ಅಡಿಗೆಗೆ ಅನಿಲ ಕೊಡಬೇಕೆಂಬುದು ಮೊದಲಿನ ಉದ್ದೇಶ. ಆದರೆ ಊರ ದನಗಳ ಸಗಣಿ ಅಷ್ಟಕ್ಕೆ ಸಾಲಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ಮರಳಿತು. ಊರವರೇ ಕೂಡಿ ಕೆಲಸ ನಡೆಸಿದರು. ನೀರಿಗೂ ದೀಪಕ್ಕೂ ಸಾಕಾದದ್ದು ಅಡಿಗೆಗೆ ಸಾಲಲಿಲ್ಲ. ಒಲೆಯ ಹಸಿವು ದೀಪದ ಹಸಿವಿಗಿಂತ ಬಹಳ ದೊಡ್ಡದು.

ಈ ಪಾಠವನ್ನು ನಮ್ಮ ಊರಿನ ಟಿ.ಸಿ.ಗೆ ಹಚ್ಚಿ ನೋಡೋಣ. ನಲವತ್ತು ಮನೆಗಳಲ್ಲಿ ತಲಾ ಐದು, 9 ವ್ಯಾಟಿನ ಬಲ್ಬು ಉರಿದರೆ ಬೇಕಾದದ್ದು 1,800 ವ್ಯಾಟ್. ಅದೇ ನಲವತ್ತು ಮನೆಗಳವರು ಸಂಜೆ ಏಳಕ್ಕೆ ತಲಾ 1,500 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ 60,000 ವ್ಯಾಟ್! 63 ಕೆ.ವಿ.ಎ. ಟಿ.ಸಿ.ಯ ಶಕ್ತಿ ಒಲೆಗಳಿಗೇ ಮುಗಿದುಹೋಯಿತು. ದೀಪಕ್ಕೆ, ಹಿಟ್ಟಿನ ಗಿರಣಿಗೆ ಉಳಿಯುವುದೇನು? ಟಿ.ಸಿ. ಸುಟ್ಟರೆ ಊರೆಲ್ಲ ಕತ್ತಲೆ.

ಆದ್ದರಿಂದ ಒಂದೇ ಒಲೆಯನ್ನು ನಂಬಬೇಡಿ. ನಾಲ್ಕೈದು ದನವಿದ್ದು ದಿನಕ್ಕೆ 50 ಕಿಲೋ ಸಗಣಿ ಸಿಗುವ ಮನೆಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಒಪ್ಪುತ್ತದೆ. 2016ರ ಉಜ್ವಲ ಯೋಜನೆಯಿಂದ ಸಿಲಿಂಡರು ಬಂದ ಮನೆಯವರು, ಅದು ಮುಗಿದ ದಿನ ತುಂಬಿಸಲು ಹಣವಿರುವಂತೆ ಸುಗ್ಗಿಯಲ್ಲೇ ತೆಗೆದಿಡಲಿ. ಅನ್ನ, ಸಾರಿಗೆ ವಿದ್ಯುತ್ ಒಲೆ, ಜೋಳದ ರೊಟ್ಟಿಗೆ ಗ್ಯಾಸು ಎಂದು ಹಂಚಿಕೊಂಡರೆ ಎರಡರ ಖರ್ಚೂ ತಗ್ಗೀತು. ಸೌದೆ ಬಿಡಲಾಗದವರು ಅಸ್ತ್ರ ಒಲೆಯಂತಹ, ಹೊಗೆಕೊಳವೆಯುಳ್ಳ ಒಲೆ ಹಾಕಿಸಿಕೊಳ್ಳಲಿ. ಬಚ್ಚಲ ಹಂಡೆಯ ಒಲೆಯನ್ನೂ ಮರೆಯಬೇಡಿ. ಸೌದೆ ತಿನ್ನುವುದರಲ್ಲಿ ಅದೇನೂ ಹಿಂದಿಲ್ಲ.

2023ರಲ್ಲಿ ಬಂದ ಗೃಹಜ್ಯೋತಿಯನ್ನು ನಂಬಿ ಒಲೆ ಕೊಳ್ಳುವವರಿಗೆ ಒಂದು ಮಾತು. ಉಚಿತ ಯೂನಿಟ್ಟು ಎಲ್ಲರಿಗೂ 200 ಅಲ್ಲ. ಮನೆಯ ಹಿಂದಿನ ಬಳಕೆಯ ಸರಾಸರಿ ನೋಡಿ ಅದನ್ನು ಗೊತ್ತುಮಾಡಿದರು. ಒಲೆಗೆ ದಿನಕ್ಕೆ 2 ಯೂನಿಟ್ಟೆಂದರೂ ತಿಂಗಳಿಗೆ 60 ಆಯಿತು. ಮೊದಲು ಬಿಲ್ಲು ನೋಡಿರಿ, ಆಮೇಲೆ ಅಂಗಡಿಗೆ ಹೋಗಿರಿ. ಒಲೆಗೆ ದಪ್ಪ ತಂತಿ, 16 ಆಂಪಿಯರಿನ ಪ್ಲಗ್ಗು, ಸರಿಯಾದ ಅರ್ಥಿಂಗು ಇರಲೇಬೇಕು.

ಈಗ ಮಾಡಬೇಕಾದ ಕೆಲಸ ಇಷ್ಟೆ. ಪ್ರತಿ ಓಣಿಯಲ್ಲೂ ಇಬ್ಬರು ತಾಯಂದಿರು ಮನೆಮನೆಗೆ ಹೋಗಿ ಒಲೆ ಎಷ್ಟು, ಉರುವಲು ಯಾವುದು, ದನ ಎಷ್ಟು, ವಿದ್ಯುತ್ ಒಲೆ ಬೇಕೆನ್ನುವವರು ಎಷ್ಟು ಎಂದು ಬರೆದುಕೊಳ್ಳಲಿ. ಆ ಪಟ್ಟಿಯನ್ನು ಗ್ರಾಮಸಭೆಯ ಠರಾವಿನೊಂದಿಗೆ ಬೆಸ್ಕಾಂ ಶಾಖಾ ಕಚೇರಿಗೆ ಕೊಡೋಣ. ಟಿ.ಸಿ. ಸುಟ್ಟ ಮೇಲೆ ಅರ್ಜಿ ಹಿಡಿದು ಓಡುವುದಕ್ಕಿಂತ ಮೊದಲೇ ಲೆಕ್ಕ ಕೊಡುವುದು ಲೇಸು. ಪಟ್ಟಿ ಬರೆಯುವಾಗ ಗಂಡಸರು ಅಡ್ಡಮಾತಾಡದೆ ಕೇಳಿಸಿಕೊಳ್ಳಿ. ಒಲೆಯ ಲೆಕ್ಕ ಬಲ್ಲವರು ಅದರ ಮುಂದೆ ಕುಳಿತವರೇ.