ನನ್ನ ಮೆಚ್ಚಿನ ಸ್ವರಶಿಲ್ಪಿ

ಕಾವ್ಯದಲ್ಲಾಗಲಿ ಸಂಗೀತದಲ್ಲಾಗಲಿ, ‘ಎಲ್ಲರಿಗಿಂತ ಶ್ರೇಷ್ಠರು ಯಾರು?’ ಎಂಬ ಪ್ರಶ್ನೆ ಒಂದು. ‘ನಿಮ್ಮ ಮೆಚ್ಚಿನವರು ಯಾರು?’ ಎಂಬ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವವನು ನ್ಯಾಯಪೀಠದ ಮೇಲೆ ಕುಳಿತಿರುತ್ತಾನೆ. ಎರಡನೆಯದಕ್ಕೆ ಉತ್ತರ ಹೇಳುವವನು ತನ್ನ ಮನೆಯ ಬಾಗಿಲು ತೆರೆದು, ಒಳಗೆ ಯಾರನ್ನು ಕರೆದು ಕೂರಿಸಿಕೊಂಡಿದ್ದೇನೆಂದು ತೋರಿಸಬೇಕಾಗುತ್ತದೆ. ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂಬ ಚರ್ಚೆ ಸಭೆಗೆ ಒಪ್ಪುವಂಥದು. ರಾತ್ರಿ ಮಲಗುವ ಮುನ್ನ ಕೈ ಯಾವ ಪುಸ್ತಕವನ್ನು ಅರಸುತ್ತದೆಂಬುದು ಬೇರೆಯೇ ಮಾತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ರಮ್ಯಯುಗದ ಸಂಜೆಯೆನ್ನಬಹುದಾದ ಕಾಲದ ಕೃತಿಕಾರರಲ್ಲಿ ನನಗೆ ಮೆಚ್ಚಾದವನ ವಿಷಯವನ್ನು ಈ ಎರಡನೆಯ ಅರ್ಥದಲ್ಲಿಯೇ ಇಂದು ಪ್ರಸ್ತಾಪಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಚಾಚಿಕೊಂಡ ಕಾಲವಿದು. ವಾಗ್ನರನ ತರುವಾಯ ವಾದ್ಯವೃಂದ ಹಿಗ್ಗಿತು, ಕೃತಿಗಳು ಉದ್ದವಾದವು, ಭಾವವು ದಡ ಮೀರಿ ಹರಿಯಿತು. ಹಳೆಯ ಲೋಕವೊಂದು ಮುಳುಗುತ್ತಿದೆಯೆಂಬ ಅರಿವು ಆ ಸಂಗೀತದಲ್ಲೆಲ್ಲ ವ್ಯಾಪಿಸಿದೆ.

ಈ ಕಾಲದ ಮಹಾಕವಿ ಗುಸ್ತಾವ್ ಮಾಹ್ಲರ್. 1907ರಲ್ಲಿ ಸಿಬೇಲಿಯಸ್ಸನು ಅವನೊಡನೆ ಮಾತನಾಡುತ್ತ, ಸಿಂಫೊನಿಯಲ್ಲಿ ತಾನು ಮೆಚ್ಚುವುದು ಅದರ ಬಿಗಿಯನ್ನು, ಒಳಗಿನ ತರ್ಕವನ್ನು ಎಂದನಂತೆ. ಸಿಂಫೊನಿ ಜಗತ್ತಿನಂತೆ ಎಲ್ಲವನ್ನೂ ಒಳಗೊಳ್ಳಬೇಕೆಂಬುದು ಮಾಹ್ಲರನ ಮರುನುಡಿ. ಅವನು ಆಡಿದಂತೆ ನಡೆದವನು. 1910ರಲ್ಲಿ ಮ್ಯೂನಿಕ್‌ನಲ್ಲಿ ಅವನ ಎಂಟನೆಯ ಸಿಂಫೊನಿ ಮೊದಲ ಬಾರಿಗೆ ಕೇಳಿಬಂದಾಗ ಹಾಡುವವರೂ ನುಡಿಸುವವರೂ ಕೂಡಿ ಸಾವಿರಕ್ಕೆ ಮೇಲ್ಪಟ್ಟಿದ್ದರು. ಮಾಹ್ಲರನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಜಾತ್ರೆಯಲ್ಲಿ ದೇವರನ್ನು ಕಂಡು ಬಂದ ಮೇಲೆ ಮನೆಯ ಗೂಡಿನ ದೀಪವನ್ನು ಹಚ್ಚಲೇಬೇಕಲ್ಲವೆ?

ರಿಚರ್ಡ್ ಸ್ಟ್ರಾಸ್ ಈ ಸಂಜೆಯನ್ನು ತನ್ನ ಬಾಳಿನಲ್ಲಿ ಕೊನೆಯವರೆಗೂ ಕಂಡವನು. 1864ರಲ್ಲಿ ಹುಟ್ಟಿದ ಅವನು, ಎರಡು ಮಹಾಯುದ್ಧಗಳು ಮುಗಿದ ಮೇಲೆ, 1948ರಲ್ಲಿ, ತನ್ನ ಎಂಬತ್ತನಾಲ್ಕರ ವಯಸ್ಸಿನಲ್ಲಿ, ಹೆಸ್ಸೆಯ ಮೂರು ಕವನಗಳಿಗೂ ಐಕೆನ್‌ಡಾರ್ಫನ ಒಂದಕ್ಕೂ ಸ್ವರ ಕೂಡಿಸಿದ. ಅವೇ ‘ಕೊನೆಯ ನಾಲ್ಕು ಗೀತೆಗಳು’. ಮುಳುಗುವ ಬೆಳಕಿನಲ್ಲಿ ನಿಂತ ವೃದ್ಧ ದಂಪತಿಗಳ ಗೀತೆಯಲ್ಲಿ ಎರಡು ಕೊಳಲುಗಳು ಬಾನಾಡಿಗಳಂತೆ ಕಂಪಿಸುತ್ತವೆ. ಸುಮಾರು ಅರವತ್ತು ವರ್ಷಗಳ ಹಿಂದೆ, ತಾರುಣ್ಯದಲ್ಲಿ, ಮರಣವನ್ನು ಕುರಿತು ತಾನೇ ರಚಿಸಿದ್ದ ಕೃತಿಯ ಎಳೆಯೊಂದು ಕೊನೆಗೆ ಮೆಲ್ಲನೆ ಬಂದು ಸೇರುತ್ತದೆ. ಈ ನಾಲ್ಕು ಗೀತೆಗಳಿಗೆ ಸಮನಾದದ್ದು ಆ ಯುಗದಲ್ಲಿ ವಿರಳ. ಆದರೂ ನನ್ನ ಕೈ ಮೊದಲು ಹೋಗುವುದು ಅತ್ತಲಲ್ಲ.

ಬಹುಜನರ ಮೆಚ್ಚಿನವನು ರಾಖ್ಮನಿನೋವ್. 1901ರಲ್ಲಿ ಪೂರ್ಣಗೊಂಡ ಅವನ ಎರಡನೆಯ ಪಿಯಾನೋ ಕನ್ಸರ್ಟೊ ಕೇಳಿದವರ ಮನಸ್ಸನ್ನು ಕೂಡಲೇ ಸೆರೆಹಿಡಿಯುತ್ತದೆ. ಇಷ್ಟು ಕೀರ್ತಿವಂತನಾದ ಈತನು ತನ್ನ ಕಾಲದ ಅತ್ಯುತ್ತಮ ಕೃತಿಕಾರನೆಂದು ಎಣಿಸಿದ್ದು ತನಗಿಂತ ಏಳು ವರ್ಷ ಕಿರಿಯನಾದ, ಜನ ಅಷ್ಟಾಗಿ ಅರಿಯದ ಒಬ್ಬ ಗೆಳೆಯನನ್ನು. ಆ ಗೆಳೆಯನೇ ನಿಕೊಲಾಯ್ ಮೆಟ್ನರ್. ನನ್ನ ಆಯ್ಕೆಯೂ ಅವನೇ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಪಿಯಾನೋವಾದಕನಾಗಿ ಪದಕ ಪಡೆದರೂ ವಾದಕನ ಸಂಪಾದನೆಯ ಬಾಳನ್ನು ಒಲ್ಲದೆ ಕೃತಿರಚನೆಯನ್ನು ಹಿಡಿದ. 1921ರಲ್ಲಿ ರಷ್ಯವನ್ನು ಬಿಟ್ಟು ಜರ್ಮನಿ, ಫ್ರಾನ್ಸ್‌ಗಳಲ್ಲಿ ಅಲೆದು ಕೊನೆಗೆ ಲಂಡನ್ ಸೇರಿದ. ಕಾಲ ಬದಲಾಗಿತ್ತು, ಹೊಸ ಸಂಗೀತ ಹಳೆಯ ಶ್ರುತಿಬಂಧವನ್ನೇ ಕಳಚಿಹಾಕುತ್ತಿತ್ತು. ಮೆಟ್ನರ್ ಬದಲಾಗಲಿಲ್ಲ. ಸಂಗೀತಕ್ಕೆ ಶಾಶ್ವತವಾದ ಧರ್ಮವುಂಟು, ಕಾಲದ ಷೋಕಿಗೆ ಅದು ಬಾಗಬಾರದು ಎಂದು ವಾದಿಸುವ ಗ್ರಂಥವೊಂದನ್ನು ಬರೆದ. 1935ರಲ್ಲಿ ಅದನ್ನು ಪ್ರಕಟಿಸಿದ್ದು ರಾಖ್ಮನಿನೋವನ ಪ್ರಕಾಶನ.

ಅವನು ಬರೆದದ್ದೆಲ್ಲದರಲ್ಲೂ ಪಿಯಾನೋ ಇದೆ. ಸಿಂಫೊನಿ ಇಲ್ಲ, ಗೀತನಾಟಕವಿಲ್ಲ. ಹದಿನಾಲ್ಕು ಸೊನಾಟಗಳು, ಮೂರು ಕನ್ಸರ್ಟೊಗಳು, ನೂರಕ್ಕೂ ಮಿಕ್ಕ ಗೀತೆಗಳು, ಮೂವತ್ತಕ್ಕೂ ಮಿಕ್ಕ ‘ಸ್ಕಾಜ್ಕಿ’ಗಳು ಅವನ ರಚನೆಯ ಮುಖ್ಯ ಭಾಗ. ಈ ರಷ್ಯನ್ ಪದಕ್ಕೆ ನಮ್ಮ ಅಜ್ಜಿಕಥೆ ಎಂಬ ಮಾತು ಹತ್ತಿರವಾದೀತು. ಇವುಗಳಲ್ಲೊಂದರ ವಿಷಯವಾಗಿ ಅವನು, ಇದು ಗಂಟೆಯ ಕುರಿತಾದ ಕಥೆಯಲ್ಲ, ಗಂಟೆಯೇ ಹೇಳುವ ಕಥೆ ಎಂಬರ್ಥದ ಟಿಪ್ಪಣಿ ಬರೆದಿದ್ದಾನೆ. ಈ ಸಣ್ಣ ಭೇದದಲ್ಲಿ ಅವನ ಕಲೆಯ ಗುಟ್ಟಿದೆ. ಅವನು ಭಾವವನ್ನು ವರ್ಣಿಸುವುದಿಲ್ಲ. ಭಾವವೇ ಸ್ವರವಾಗುವ ತನಕ ಕಾಯುತ್ತಾನೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಅವನದು ವಾಚ್ಯಕ್ಕಿಂತ ಧ್ವನಿಯನ್ನು ನಂಬಿದ ರೀತಿ.

ರಷ್ಯದ ಕ್ರಾಂತಿಯ ಬೆನ್ನಿಗೇ, 1919–20ರ ಹೊತ್ತಿನಲ್ಲಿ ರಚಿತವಾದ ‘ಸ್ಮರಣೆಯ ಸೊನಾಟ’ವನ್ನು ಉದಾಹರಿಸುತ್ತೇನೆ. ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಗೀಚಿಟ್ಟಿದ್ದ ಮಟ್ಟುಗಳನ್ನು ಹೆಕ್ಕಿ ಕಟ್ಟಿದ ‘ಮರೆತ ಮಟ್ಟುಗಳು’ ಎಂಬ ಮಾಲೆಯ ಮೊದಲ ಕೃತಿ ಅದು. ಆರಂಭದಲ್ಲಿ ಒಂದು ಸರಳವಾದ ಸ್ವರಧಾರೆ, ಕಿಟಕಿಯ ಹೊರಗಿನ ಜಡಿಮಳೆಯಂತೆ, ಏರುಪೇರಿಲ್ಲದೆ ಹರಿಯುತ್ತದೆ. ಆಮೇಲೆ ಕಳವಳ, ವಾದ, ಸಂಘರ್ಷ ಎಲ್ಲವೂ ಬರುತ್ತವೆ. ನಡುವೆ ಒಮ್ಮೆ ಆ ಧಾರೆ ಮರಳುತ್ತದೆ. ಕೊನೆಯಲ್ಲಿ ಮತ್ತೊಮ್ಮೆ ಮರಳುತ್ತದೆ. ಸ್ವರಗಳು ಅವೇ, ಕೇಳುವ ನಾವು ಮಾತ್ರ ಮೊದಲಿನವರಲ್ಲ. ಮೊದಲು ಬರಿಯ ಮಟ್ಟಾಗಿದ್ದುದು ಕೊನೆಗೆ ನೆನಪಾಗಿರುತ್ತದೆ. ಹದಿನೈದು ನಿಮಿಷಗಳೊಳಗೆ ಮುಗಿಯುವ ಈ ಕೃತಿಯಲ್ಲಿ ಸ್ವದೇಶವನ್ನು ಬಿಡಲಿದ್ದ ಒಬ್ಬ ಮನುಷ್ಯನ ಮೌನವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ.

ಇವನ ಸಂಗೀತ ಶುಷ್ಕ, ಬೌದ್ಧಿಕ ಎಂಬ ಆಕ್ಷೇಪಣೆ ಹಳೆಯದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಅವನ ಹೆಣಿಗೆ ಬಿಗಿಯಾದದ್ದು. ಲಯದೊಳಗೆ ಲಯ ಹೊಕ್ಕಿರುತ್ತದೆ. ಮೊದಲ ಕೇಳ್ವಿಗೆ ಒಲಿಯುವ ಮಟ್ಟುಗಳು ರಾಖ್ಮನಿನೋವನಲ್ಲಿರುವಷ್ಟು ಇವನಲ್ಲಿಲ್ಲ. ಆದರೆ ಮೊದಲ ಓದಿಗೆ ದಕ್ಕದ ಕವಿಯನ್ನು ನಾವು ಅದೊಂದೇ ಕಾರಣದಿಂದ ದೂರವಿಡುವುದಿಲ್ಲ. ಮೂರನೆಯ ಸಲ, ನಾಲ್ಕನೆಯ ಸಲ ಕೇಳಿದಾಗ ಗಂಟು ಸಡಿಲಿ ರಸ ಇಳಿಯತೊಡಗುತ್ತದೆ. ಹಾಗೆ ಇಳಿದದ್ದು ಬೇಗ ಬತ್ತುವುದಿಲ್ಲ.

ಮೆಟ್ನರನ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತು ಅವನು ಕಷ್ಟಕ್ಕೀಡಾದ, ಹೃದ್ರೋಗವೂ ಅಂಟಿತು. ಆಗ ಅವನ ನೆರವಿಗೆ ಬಂದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಈ ದೊರೆ ಪಾಶ್ಚಾತ್ಯ ಸಂಗೀತದಲ್ಲಿಯೂ ಬಲ್ಲವರು. ಅವರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿತವಾಯಿತು. 1947ರಿಂದ ಮೊದಲುಗೊಂಡು, ಅರವತ್ತೇಳು ದಾಟಿದ ಆ ಕಾಯಿಲೆಯ ಮನುಷ್ಯ ತನ್ನ ಮೂರು ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ತಾನೇ ನುಡಿಸಿ ಗ್ರಾಮಫೋನ್ ತಟ್ಟೆಗಳಿಗೆ ಒಪ್ಪಿಸಿದ; ಗೀತೆಗಳನ್ನೂ ಬಿಡಿ ರಚನೆಗಳನ್ನೂ ಮುದ್ರಿಸಿದ. ಮೂರನೆಯ ಕನ್ಸರ್ಟೊ ಮಹಾರಾಜರಿಗೆ ಅರ್ಪಿತವಾಗಿದೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಆ ತಟ್ಟೆಗಳಿಲ್ಲದಿದ್ದರೆ ಅವನ ಕೈಬೆರಳುಗಳ ಕನ್ಸರ್ಟೊ ವಾದನ ನಮಗೆ ಉಳಿಯುತ್ತಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಹೊಸ ಹಾದಿ ಹಿಡಿದವರ ಸಾಲಿಗೆ ಸೇರಿಸಿ ಮೆಟ್ನರ್ ಸ್ಟ್ರಾಸನನ್ನು ಮೆಚ್ಚದಿದ್ದವನು. ಆದರೆ ಮೇಲೆ ಹೇಳಿದ ಸ್ಟ್ರಾಸನ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡಳ ಕಂಠದಲ್ಲಿ ಮೊದಲ ಸಲ ಕೇಳಿಬರುವುದಕ್ಕೆ 4,800 ಡಾಲರುಗಳ ಹೊಣೆ ಹೊತ್ತವರೂ ಇದೇ ಮಹಾರಾಜರು. ಕೃತಿಕಾರನಾದವನಿಗೆ ತನ್ನ ದಾರಿಯೊಂದನ್ನೇ ನಂಬಿ ನಡೆಯಬೇಕಾದ ನಿರ್ಬಂಧವಿರಬಹುದು. ಸಹೃದಯನಿಗೆ ಆ ನಿರ್ಬಂಧವಿಲ್ಲ. ಒಬ್ಬನನ್ನು ಮೆಚ್ಚಿದ ಮಾತ್ರಕ್ಕೆ ಇನ್ನೊಬ್ಬನಿಗೆ ಬಾಗಿಲು ಮುಚ್ಚಬೇಕಾಗಿಲ್ಲ.

ಮೆಚ್ಚುಗೆ ಕೇವಲ ರುಚಿಯ ಮಾತೆಂದು ನಾವು ಹಗುರವಾಗಿ ಆಡುತ್ತೇವೆ. ಲೋಕವೆಲ್ಲ ಮೆಚ್ಚಿದವರನ್ನು ಲೋಕವೇ ನೋಡಿಕೊಳ್ಳುತ್ತದೆ. ಮಾಹ್ಲರನಿಗೂ ರಾಖ್ಮನಿನೋವನಿಗೂ ಇಂದು ಕೇಳುಗರ ಕೊರತೆಯಿಲ್ಲ. ಮೆಟ್ನರನಂಥವರು ಮಾತ್ರ ಒಬ್ಬೊಬ್ಬರ ಮೆಚ್ಚುಗೆಯಿಂದಲೇ ಬದುಕಿ ಉಳಿಯಬೇಕು. ನಾವು ನೀವು ದೊರೆಗಳಲ್ಲ. ತಟ್ಟೆಗಳನ್ನು ಮುದ್ರಿಸಿಕೊಡುವ ಶಕ್ತಿ ನಮಗಿಲ್ಲ. ಆದರೆ ಅವನು ನುಡಿಸಿದ ಆ ಹಳೆಯ ಮುದ್ರಣಗಳು ಇಂದು ಸುಲಭವಾಗಿ ದೊರೆಯುತ್ತವೆ. ಕತ್ತಲಾದ ಮೇಲೆ ಒಂದು ಕಾಲು ಗಂಟೆ ಬಿಡುವು ಮಾಡಿಕೊಂಡು ‘ಸ್ಮರಣೆಯ ಸೊನಾಟ’ವನ್ನು ಕೇಳಿರಿ. ಒಮ್ಮೆಗೆ ಹಿಡಿಸದಿದ್ದರೆ ಇನ್ನೊಂದು ದಿನ ಮತ್ತೆ ಕೇಳಿರಿ. ಆಮೇಲೂ ನಿಮ್ಮ ಮನಸ್ಸು ಬೇರೊಬ್ಬನನ್ನು ಆರಿಸಿದರೆ ನನಗೆ ಸಂತೋಷವೇ. ಅವನ ಹೆಸರನ್ನು ನಾಲ್ವರಿಗೆ ಹೇಳಲು ಮಾತ್ರ ಮರೆಯಬೇಡಿರಿ.

(ಬಾನುಲಿ ಭಾಷಣ)