ಮನೆಯವರನ್ನೇ ಹಗೆಯೆಂದು ತಿಳಿಯುವ ಕಾವಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಹೊಲಗಳನ್ನು ನೀವು ಬಲ್ಲಿರಿ. ಸಸಿ ನೆಡುವುದರಿಂದ ಹಿಡಿದು, ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವವರೆಗೆ ಹೆಣ್ಣುಮಕ್ಕಳ ದುಡಿಮೆ ಅದರಲ್ಲಿ ಬಹಳ. ಅಂಥ ಒಬ್ಬಾಕೆಯ ಕೆನ್ನೆಗಳೆರಡರ ಮೇಲೂ, ಮೂಗಿನ ದಿಂಡನ್ನು ದಾಟಿ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು ಮೂಡಿತೆನ್ನಿ. "ಬಿಸಿಲಿಗೆ ಕಂದಿದೆ, ಬಿಡಿ" ಎನ್ನುತ್ತೇವೆ. ಕೀಲುಗಳು ನೊಂದರೆ ಬಗ್ಗಿ ನೆಟ್ಟ ಆಯಾಸವೆನ್ನುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಎಲ್ಲೋ ಒಬ್ಬಳಲ್ಲಿ ಅದು ಲೂಪಸ್ ಆಗಿರುತ್ತದೆ.

ಇದು ಅಂಟುರೋಗವಲ್ಲ. ಹೊರಗಿನ ಹಗೆಯ ಮೇಲೆ ಹೋಗಬೇಕಾದ ಪ್ರತಿಕಾಯಗಳು ಸ್ವಂತ ಒಡಲಿನ ಮೇಲೆ ತಿರುಗುವುದೇ ಇದರ ಮೂಲ. ಏಕೆ ಹೀಗಾಗುತ್ತದೆ?

ನಮ್ಮಲ್ಲಿ ದಿನವೂ ಕೋಟ್ಯಂತರ ಜೀವಕೋಶಗಳು ಸಾಯುತ್ತವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದ ಚರ್ಮದಲ್ಲಿ ಇನ್ನೂ ಹೆಚ್ಚು. ಸತ್ತ ಕೋಶವನ್ನು ಬಿಳಿಯ ಕಣಗಳು ಕೂಡಲೇ ನುಂಗಿ ಮುಗಿಸುವುದು ಕ್ರಮ. ಈ ಕೆಲಸಕ್ಕೆ ನೆರವಾಗುವ ಸಿ೧ಕ್ಯೂ ಎಂಬ ರಕ್ತದ ಸಸಾರಜನಕ ಹುಟ್ಟಿನಿಂದಲೇ ಇಲ್ಲದ ಕೆಲವೇ ಮಂದಿಯಲ್ಲಿ ಹೆಚ್ಚಿನವರಿಗೆ ಲೂಪಸ್ ಬರುತ್ತದೆಂಬುದನ್ನು ನೋಡಿದರೆ, ಕಸ ಗುಡಿಸುವ ಈ ಕೆಲಸ ಎಷ್ಟು ದೊಡ್ಡದೆಂದು ತಿಳಿದೀತು.

ಕಸ ಉಳಿದರೆ ಕೋಶದ ಒಳಗೋಣೆಯಲ್ಲಿರಬೇಕಾದ ಡಿ.ಎನ್.ಎ. ಬಯಲಿಗೆ ಬೀಳುತ್ತದೆ. ವೈರಸ್ಸಿನಲ್ಲಿರುವುದೂ ಇದೇ ಜಾತಿಯ ಪದಾರ್ಥ. ಹಗೆ ಹೊಕ್ಕಿತೆಂದು ಕಾವಲು ಕೋಶಗಳು ಇಂಟರ್‌ಫೆರಾನ್ ಎಂಬ ಡಂಗುರ ಸಾರುತ್ತವೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳಲ್ಲಿ ತನ್ನವರ ಮೇಲೇ ಕೈಯೆತ್ತಬಲ್ಲ ಕೆಲವು ನಿಮ್ಮಲ್ಲೂ ನನ್ನಲ್ಲೂ ಇವೆ. ಒಡಲು ಅವನ್ನು ಅಡಗಿಸಿ ಇಟ್ಟಿರುತ್ತದೆ. ಡಂಗುರಕ್ಕೆ ಅವು ಎಚ್ಚರಗೊಳ್ಳುತ್ತವೆ, ಟಿ ಕೋಶಗಳು ಬೆಂಬಲಕ್ಕೆ ನಿಲ್ಲುತ್ತವೆ. ಹುಟ್ಟಿದ ಪ್ರತಿಕಾಯ ಡಿ.ಎನ್.ಎ.ಗೆ ಅಂಟಿ ಕಂತೆಯಾಗುತ್ತದೆ. ಆ ಕಂತೆಯೇ ಮತ್ತೆ ಡಂಗುರ ಹೊಡೆಸುತ್ತದೆ. ಮೂತ್ರಪಿಂಡದ ಸೋಸುಬಲೆಯಲ್ಲಿ ಸಿಕ್ಕಿಕೊಂಡರಂತೂ ಅಲ್ಲೇ ಉರಿ ಎಬ್ಬಿಸುತ್ತದೆ.

ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಡಂಗುರದ ಒಂದು ಕೀಲಾದ ಟಿ.ಎಲ್.ಆರ್.೭ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಅದು ಎರಡು. ಕಾರಣಗಳಲ್ಲಿ ಇದೂ ಒಂದೆಂದು ತಜ್ಞರು ಎಣಿಸುತ್ತಾರೆ. ಹೊಗೆಸೊಪ್ಪು ಬೆಳೆದರೆ ಲೂಪಸ್ ಬರುತ್ತದೆಂದು ನಾನು ಹೇಳುತ್ತಿಲ್ಲ. ಸಿಗರೇಟು ಸೇದುವವರಲ್ಲಿ ಡಿ.ಎನ್.ಎ. ಪ್ರತಿಕಾಯ ಹೆಚ್ಚಾಗಿ ಕಾಣುವುದುಂಟು; ಅದು ಬೇರೆ ಮಾತು.

ಈ ಅನಾಹುತ ಸದ್ದಿಲ್ಲದೆ ಬೆಳೆಯುತ್ತದೆ. ಅಮೆರಿಕದ ಸೇನೆಯವರು ಕೂಡಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ವರದಿಯಂತೆ, ೧೩೦ ರೋಗಿಗಳಲ್ಲಿ ೧೧೫ ಮಂದಿಗೆ ರೋಗ ಗೊತ್ತಾಗುವ ಮೊದಲೇ ಪ್ರತಿಕಾಯಗಳಿದ್ದುವು. ಕೆಲವರಲ್ಲಿ ಒಂಬತ್ತು ವರ್ಷ ಮೊದಲು. ಹಾಗೆಂದು ರಕ್ತದಲ್ಲಿ ಪ್ರತಿಕಾಯ ಕಂಡವರೆಲ್ಲ ರೋಗಿಗಳಲ್ಲ. ಲಕ್ಷಣವನ್ನೂ ಕೂಡಿಸಿ ನೋಡಬೇಕು.

ಆದುದರಿಂದ ಕೆನ್ನೆಯ ಕೆಂಪಿನೊಡನೆ ಜ್ವರ, ಕೀಲುನೋವು, ಬಾಯಿಹುಣ್ಣು, ಕೂದಲುದುರುವಿಕೆ ಸೇರಿದರೆ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ಮೊದಲು ನೋಡಿಸಿರಿ. ಸೋಸುಬಲೆ ಕೆಡುವುದು ನೋವಿಲ್ಲದೆ. ಮಲೇರಿಯಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಆ ಡಂಗುರವನ್ನು ತಗ್ಗಿಸುತ್ತದೆ. ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು.